ಕ್ಯಾಮೆರಾ ನಮ್ಮೂರ ಕಡೆ ತಿರುಗಿದ್ದು ಯಾವಾಗ?

ಹತ್ತು ವರ್ಷದ ಹಿಂದಿನ ಮಾತು. ಸುದ್ದಿಯೊಂದರ ಮೇಲೆ ಮದ್ದೂರು ತಾಲೂಕಿನ ಹಳ್ಳಿಗೆ ಹೋಗಿದ್ದೆ. ಕೆಲಸ ಮುಗಿಸಿ ಬೈಕ್ ಹತ್ತುವಾಗ ಜಗಲಿ ಮೇಲಿದ್ದ ಅಜ್ಜ ಒಬ್ಬರು ಕರೆದು ಕೂರಿಸಿಕೊಂಡರು. ಶಿವಪುರದಲ್ಲಿ ಬಾವುಟ ಹಾರಿಸಿದಾಗ ಅವರಿಗೆ ಹತ್ತು ವರ್ಷವಂತೆ. ಅಪ್ಪನ ಜೊತೆ ನಡೆದುಕೊಂಡೇ ಹೋಗಿದ್ದರಂತೆ. ಬುತ್ತಿಗೆ ಏನು ಕಟ್ಟಿಕೊಂಡಿದ್ದರು, ಪೊಲೀಸರನ್ನು ಕಂಡು ಯಾರು ಯಾವ ಕಡೆ ಓಡಿದರು, ಎಲ್ಲ ಹೇಳಿದರು. ನಲವತ್ತು ನಿಮಿಷ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡೆ.

ಇನ್ನೊಂದು ಕಾಪಿ ಮಾಡಿಡಲಿಲ್ಲ. ಎರಡು ತಿಂಗಳಿಗೆ ಮೆಮೊರಿ ಕಾರ್ಡ್ ಕೆಟ್ಟಿತು. ಮತ್ತೆ ಹೋದರಾಯಿತು ಅಂತ ಮಳೆಗಾಲ ಕಳೆದೆ. ಹೋಗುವಷ್ಟರಲ್ಲಿ ಅಜ್ಜನ ತಿಥಿಯೂ ಆಗಿಹೋಗಿತ್ತು.

ಆವತ್ತಿನಿಂದ ಸಾಕ್ಷ್ಯಚಿತ್ರದ ಬಗ್ಗೆ ಓದುವಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಕ್ಯಾಮೆರಾ ಹುಟ್ಟಿ ನೂರು ವರ್ಷ ದಾಟಿದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಜನರ ಬದುಕಿನ ಕಡೆ ಅದು ತಿರುಗಿದ್ದು ಎಷ್ಟು? ತಿರುಗಿದಾಗ ಯಾರಿಗಾಗಿ ತಿರುಗಿತು?

ಮೊದಲು ಕುಸ್ತಿ

ಭಾರತೀಯನೊಬ್ಬ ಕೈಗೆ ಸಿನಿಮಾ ಕ್ಯಾಮೆರಾ ತೆಗೆದುಕೊಂಡು ಮೊದಲು ಚಿತ್ರೀಕರಿಸಿದ್ದು ಪುರಾಣದ ಕಥೆಯನ್ನಲ್ಲ, ಕುಸ್ತಿಯನ್ನು. 1899ರಲ್ಲಿ ಮುಂಬೈನ ಹ್ಯಾಂಗಿಂಗ್ ಗಾರ್ಡನ್ಸ್‌ನಲ್ಲಿ ನಡೆದ ಇಬ್ಬರು ಪೈಲ್ವಾನರ ಕುಸ್ತಿಯನ್ನು ಹರಿಶ್ಚಂದ್ರ ಸಖಾರಾಂ ಭಾಟವಡೇಕರ್ ಎಂಬ ಫೋಟೋಗ್ರಾಫರ್ ಸೆರೆಹಿಡಿದರು. ಗರಡಿಮನೆ ಇರುವ ಊರಿನವರಾದ ನಮಗೆ ಇದು ಖುಷಿ ಕೊಡುವ ಸಂಗತಿ. ನಮ್ಮ ದೇಶದ ಸಿನಿಮಾ ಶುರುವಾಗಿದ್ದೇ ನಿಜವಾಗಿ ನಡೆದದ್ದನ್ನು ತೋರಿಸುವುದರಿಂದ.

ಸಾಕ್ಷ್ಯಚಿತ್ರ ಎಂದರೆ ಇಷ್ಟೇ: ನಿಜವಾದ ಜನ, ನಿಜವಾದ ಜಾಗ, ನಿಜವಾಗಿ ನಡೆದ ಸಂಗತಿ. ಆದರೆ ಆ 'ನಿಜ' ಅನ್ನುವ ಮಾತಿನಲ್ಲೇ ಶುರುವಿನಿಂದಲೂ ತಕರಾರಿದೆ. ಅಮೆರಿಕದ ರಾಬರ್ಟ್ ಫ್ಲಾಹರ್ಟಿ 1922ರಲ್ಲಿ 'ನಾನೂಕ್ ಆಫ್ ದಿ ನಾರ್ತ್' ಎಂಬ ಚಿತ್ರ ಮಾಡಿದ. ಹಿಮಪ್ರದೇಶದ ಬೇಟೆಗಾರನೊಬ್ಬನ ಬದುಕು ಅದು. ಅವನನ್ನು ಸಾಕ್ಷ್ಯಚಿತ್ರದ ಪಿತಾಮಹ ಎನ್ನುತ್ತಾರೆ. ಆದರೆ ಆ ಬೇಟೆಗಾರನ ನಿಜವಾದ ಹೆಸರು ನಾನೂಕ್ ಅಲ್ಲ, ಅಲ್ಲಾಕರಿಯಾಲ್ಲಾಕ್. ಆ ಹೊತ್ತಿಗೆ ಅಲ್ಲಿನ ಜನ ಬಂದೂಕು ಬಳಸುತ್ತಿದ್ದರು. ಹಳೇ ಕಾಲದವರ ಹಾಗೆ ಈಟಿ ಹಿಡಿದು ಬೇಟೆಯಾಡಿ ಅಂತ ಫ್ಲಾಹರ್ಟಿ ಮಾಡಿಸಿದ. ನೋಡುವವರಿಗೆ ಬೇಕಾದ 'ಹಳ್ಳಿಗ' ಬೇರೆ, ಇರುವ ಹಳ್ಳಿಗ ಬೇರೆ.

ಆನೆ ಹುಡುಕಿ ಬಂದವರು

ಇದೇ ಫ್ಲಾಹರ್ಟಿ 1935ರಲ್ಲಿ ನಮ್ಮ ಮೈಸೂರಿಗೇ ಬಂದ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾಗಾಗಿ 'ಎಲಿಫೆಂಟ್ ಬಾಯ್' ಚಿತ್ರ ತೆಗೆಯಲು. ಮೈಸೂರು ಅರಮನೆಯವರು ಆನೆ, ಕಾಡು, ಇರಲು ಜಾಗ ಎಲ್ಲ ಒದಗಿಸಿದರು. ಹೆಗ್ಗಡದೇವನಕೋಟೆ ಕಡೆಯ ಕಾರಾಪುರದ ಮಾವುತನ ಮಗ ಸಾಬು ನಾಯಕನಾದ. ಫ್ಲಾಹರ್ಟಿಗೆ ಇದ್ದದ್ದನ್ನು ಇದ್ದ ಹಾಗೆ ತೆಗೆಯುವ ಆಸೆ. ನಿರ್ಮಾಪಕನಿಗೆ ಕಥೆ ಬೇಕಿತ್ತು. ಕೊನೆಗೆ ನಿರ್ಮಾಪಕನ ತಮ್ಮ ಜೋಲ್ಟಾನ್ ಕೋರ್ಡಾ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಬೇರೆ ದೃಶ್ಯ ತೆಗೆದು ಸೇರಿಸಿದ. 1937ರಲ್ಲಿ ಚಿತ್ರ ಬಂತು, ವೆನಿಸ್‌ನಲ್ಲಿ ನಿರ್ದೇಶನಕ್ಕೆ ಪ್ರಶಸ್ತಿಯೂ ಬಂತು. ಸಾಬು ಹಾಲಿವುಡ್ ಸೇರಿ ಅಲ್ಲೇ 1963ರಲ್ಲಿ ತೀರಿಕೊಂಡ.

ಆಗ ಮಂಡ್ಯ ಪ್ರತ್ಯೇಕ ಜಿಲ್ಲೆ ಆಗಿರಲಿಲ್ಲ, ಮೈಸೂರು ಜಿಲ್ಲೆಯ ಭಾಗ. ಜಿಲ್ಲೆ ಆಗಿದ್ದು 1939ರಲ್ಲಿ. ಫ್ಲಾಹರ್ಟಿ ಆನೆ ಹಿಂದೆ ಅಲೆಯುತ್ತಿದ್ದಾಗ ಮೈಸೂರಿನಿಂದ ನಲವತ್ತೈದು ಕಿಲೋಮೀಟರ್ ಆಚೆ ಏನಾಗುತ್ತಿತ್ತು ನೋಡಿ. ಕನ್ನಂಬಾಡಿ ನೀರು ನಾಲೆಯಲ್ಲಿ ಹರಿದು ಬಂದಿತ್ತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತ್ತು. ರಾಗಿ ಬೆಳೆಯುತ್ತಿದ್ದ ಕೈ ಕಬ್ಬು ನೆಡಲು ಕಲಿಯುತ್ತಿತ್ತು. ಸಾವಿರಾರು ಮನೆಗಳ ಊಟ, ಸಾಲ, ಮದುವೆ, ಜಗಳ ಎಲ್ಲ ಬದಲಾಗುತ್ತಿದ್ದ ಕಾಲ. ಜಗತ್ತಿನ ದೊಡ್ಡ ಸಾಕ್ಷ್ಯಚಿತ್ರಕಾರ ಪಕ್ಕದಲ್ಲೇ ಇದ್ದ. ಆದರೆ ಅವನಿಗೆ ಬೇಕಾಗಿದ್ದು ಆನೆ.

ಶಿವಪುರ, 1938

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ತ್ರಿವರ್ಣ ಧ್ವಜ ಹಾರಿಸಬಾರದು ಎಂದು ಸರ್ಕಾರದ ನಿಷೇಧವಿತ್ತು. ಅಧ್ಯಕ್ಷರಾಗಿದ್ದ ಟಿ. ಸಿದ್ಧಲಿಂಗಯ್ಯ ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಒಬ್ಬರನ್ನು ಹಿಡಿದರೆ ಇನ್ನೊಬ್ಬರು ಮುಂದೆ ಬಂದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ಮುಂದಿನ ತಿಂಗಳೇ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಕಾಂಗ್ರೆಸ್ ಜೊತೆ ಒಪ್ಪಂದಕ್ಕೆ ಬರಬೇಕಾಯಿತು. ಇವತ್ತು ಶಿವಪುರದಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ನಾಯಕರ ಹೆಸರು ನಮಗೆ ಗೊತ್ತಿದೆ. ಆದರೆ ಬುತ್ತಿ ಕಟ್ಟಿಕೊಂಡು ನಡೆದು ಬಂದ ಸಾವಿರಾರು ಜನರ ಮುಖ, ದನಿ?

ಅದೇ ಹೊತ್ತಿಗೆ ತಮಿಳುನಾಡಿನ ಯುವಕನೊಬ್ಬ ಬೇರೆ ಕೆಲಸಕ್ಕೆ ಕೈಹಾಕಿದ್ದ. ಎ.ಕೆ. ಚೆಟ್ಟಿಯಾರ್ ಅಂತ, ಪತ್ರಕರ್ತ. 1937ರಲ್ಲಿ ಹಡಗಿನಲ್ಲಿ ಹೋಗುವಾಗ ಗಾಂಧೀಜಿಯ ಬದುಕಿನ ಸಾಕ್ಷ್ಯಚಿತ್ರ ಮಾಡಬೇಕು ಅನ್ನಿಸಿತಂತೆ. ಆಗ ಅವರಿಗೆ ಇನ್ನೂ ಚಿಕ್ಕ ವಯಸ್ಸು. ದೇಶ ದೇಶ ಸುತ್ತಿ, ಯಾರ್ಯಾರೋ ತೆಗೆದಿಟ್ಟಿದ್ದ ತುಣುಕುಗಳನ್ನು ಬೇಡಿ ತಂದು ಸುಮಾರು 50,000 ಅಡಿ ಫಿಲ್ಮ್ ಕೂಡಿಸಿದರು. ನಿಮಿಷಕ್ಕೆ 90 ಅಡಿ ಲೆಕ್ಕದಲ್ಲಿ ಅದು ಒಂಬತ್ತು ಗಂಟೆಗೂ ಮೀರಿದ ಚಿತ್ರ. ಅದರಲ್ಲಿ ಸುಮಾರು 12,000 ಅಡಿ ಉಳಿಸಿ 1940ರಲ್ಲಿ ಬಿಡುಗಡೆ ಮಾಡಿದರು. ಅವರ ಹಿಂದೆ ಸರ್ಕಾರವೂ ಇರಲಿಲ್ಲ, ಅರಮನೆಯೂ ಇರಲಿಲ್ಲ.

ಇಂಟರ್‌ವಲ್‌ಗೆ ಮುಂಚಿನ ಸರ್ಕಾರ

1948ರಲ್ಲಿ ಭಾರತ ಸರ್ಕಾರ ಫಿಲ್ಮ್ಸ್ ಡಿವಿಷನ್ ಶುರುಮಾಡಿತು. ನಮ್ಮ ಅಪ್ಪ-ಅಮ್ಮಂದಿರ ಕಾಲದವರು ಸಾಕ್ಷ್ಯಚಿತ್ರ ಅಂತ ನೋಡಿದ್ದರೆ ಬಹುಪಾಲು ಇವರದ್ದೇ. ಥಿಯೇಟರಿನವರು ಸಿನಿಮಾಕ್ಕೆ ಮುಂಚೆ ಇವರ ವಾರ್ತಾಚಿತ್ರ ತೋರಿಸಲೇಬೇಕು, ಅದಕ್ಕೆ ಬಾಡಿಗೆಯನ್ನೂ ಕಟ್ಟಬೇಕು ಎಂಬ ನಿಯಮವಿತ್ತು. ಅಣೆಕಟ್ಟು, ಸಿಡುಬಿನ ಲಸಿಕೆ, ಪ್ರಧಾನಿ ಪ್ರವಾಸ, ಹೊಸ ತಳಿಯ ಬೀಜ. ರಾಜ್‌ಕುಮಾರ್ ನೋಡಲು ಬಂದವರು ಆ ಹತ್ತಿಪ್ಪತ್ತು ನಿಮಿಷ ಹೊರಗೆ ನಿಂತು ಬೀಡಿ ಸೇದಿ ಬರುತ್ತಿದ್ದರು ಅಂತ ನಮ್ಮಪ್ಪ ನಗುತ್ತಿದ್ದರು.

ನಗುವ ಹಾಗಿದ್ದರೂ ಆ ಚಿತ್ರಗಳು ಈಗ ಬೆಲೆಬಾಳುವ ದಾಖಲೆಗಳು. ಅವುಗಳ ಕೊರತೆ ಬೇರೆ ಕಡೆ ಇತ್ತು. ರೈತ ಪರದೆ ಮೇಲೆ ಬರುತ್ತಿದ್ದ, ನಗುತ್ತಿದ್ದ, ನೇಗಿಲು ಹಿಡಿಯುತ್ತಿದ್ದ. ಮಾತಾಡುತ್ತಿದ್ದದ್ದು ಮಾತ್ರ ಹಿನ್ನೆಲೆಯ ದನಿ. 1967ರಲ್ಲಿ ಅದೇ ಸಂಸ್ಥೆಯೊಳಗೆ ಎಸ್.ಎನ್.ಎಸ್. ಶಾಸ್ತ್ರಿ 'ಐ ಆಮ್ 20' ಮಾಡಿದರು. ಸ್ವಾತಂತ್ರ್ಯದ ವರ್ಷ ಹುಟ್ಟಿದ ಇಪ್ಪತ್ತರ ಹುಡುಗ ಹುಡುಗಿಯರನ್ನು ಕ್ಯಾಮೆರಾ ಮುಂದೆ ಕೂರಿಸಿ ಮಾತಾಡಲು ಬಿಟ್ಟರು. ದೇಶದ ಬಗ್ಗೆ ಹೆಮ್ಮೆಯೂ ಬಂತು, ಸಿಟ್ಟೂ ಬಂತು. ಸರ್ಕಾರಿ ಚಿತ್ರದಲ್ಲಿ ಜನರ ದನಿ ಕೇಳಿದ್ದು ಅಂಥ ಕೆಲವರಿಂದ. 2022ರಲ್ಲಿ ಫಿಲ್ಮ್ಸ್ ಡಿವಿಷನ್ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು.

ಹೆಸರು ಮುಚ್ಚಿಟ್ಟ ಎರಡು ಹಳ್ಳಿ

ಹಾಗಾದರೆ ಮಂಡ್ಯದ ಬದಲಾವಣೆಯನ್ನು ಯಾರೂ ದಾಖಲಿಸಲಿಲ್ಲವೇ? ದಾಖಲಿಸಿದರು, ಕ್ಯಾಮೆರಾದಲ್ಲಲ್ಲ, ನೋಟ್‌ಬುಕ್ಕಿನಲ್ಲಿ. ವಿಯೆನ್ನಾದಲ್ಲಿ ಹುಟ್ಟಿದ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1962ರಲ್ಲಿ ಪುಸ್ತಕ ಬರೆದರು. ಒಂದು ನಾಲೆ ನೀರು ಸಿಕ್ಕ ಊರು, ಇನ್ನೊಂದು ಸಿಗದ ಊರು. ನೀರು ಸಿಕ್ಕ ಊರು ಶ್ರೀಮಂತವಾಯಿತು, ಆದರೆ ಹಳೇ ಕಟ್ಟುಪಾಡು ಹಾಗೇ ಉಳಿಯಿತು. ನೀರು ಸಿಗದ ಊರಿನವರು ವ್ಯಾಪಾರ, ಫ್ಯಾಕ್ಟರಿ ಕೆಲಸ ಅಂತ ಹೊರಗೆ ಕಾಲಿಟ್ಟರು, ಅಲ್ಲಿ ಬದುಕೇ ಹೆಚ್ಚು ಬದಲಾಯಿತು. ಇದು ಅವರು ಕಂಡದ್ದು.

ಆ ಊರುಗಳಿಗೆ ಅವರು 'ವಂಗಲ', 'ದಲೇನ' ಎಂದು ಸುಳ್ಳು ಹೆಸರು ಕೊಟ್ಟರು. ಮನೆಮನೆಯ ಸಾಲ, ಜಗಳ ಬರೆಯುವಾಗ ಜನರಿಗೆ ತೊಂದರೆ ಆಗಬಾರದಲ್ಲ. ಪುಸ್ತಕದಲ್ಲಿ ಹೆಸರು ಮುಚ್ಚಬಹುದು. ವಿಡಿಯೋದಲ್ಲಿ ಮುಖವೇ ಇರುತ್ತದೆ. ಕ್ಯಾಮೆರಾ ಹಿಡಿದವರ ಹೊಣೆ ಇನ್ನೂ ದೊಡ್ಡದು.

ನಿಪ್ಪಾಣಿಯ ಹೆಂಗಸರು

ಈ ಹೊಣೆ ಅರಿತು ಮಾಡಿದ ಚಿತ್ರ ನಮ್ಮ ರಾಜ್ಯದಲ್ಲೇ ಇದೆ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಂಬಾಕಿನ ಊರು. ಅಲ್ಲಿನ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳು ಕೂಲಿಗಾಗಿ, ಮರ್ಯಾದೆಗಾಗಿ ಸಂಘ ಕಟ್ಟಿದ ಕಥೆಯನ್ನು 1982ರಲ್ಲಿ 'ಯುಗಾಂತರ' ಎಂಬ ಮಹಿಳಾ ತಂಡ ಚಿತ್ರ ಮಾಡಿತು. ದೀಪಾ ಧನರಾಜ್ ಅದರಲ್ಲಿದ್ದರು, ನವರೋಜ್ ಕಾಂಟ್ರಾಕ್ಟರ್ ಕ್ಯಾಮೆರಾ ಹಿಡಿದರು. 'ತಂಬಾಕು ಚಾಕಿಲಾ ಊಬ್ ಆಲಿ' ಚಿತ್ರದ ಹೆಸರು. ತಂಡ ಆ ಹೆಂಗಸರ ಜೊತೆ ಬೆರೆತು, ಅವರನ್ನು ಕೇಳಿ, ಅವರ ಮಾತನ್ನೇ ಮುಂದಿಟ್ಟು ಕೆಲಸ ಮಾಡಿತು. ಮದ್ದೂರಲ್ಲಿ ವಡೆ ತಿನ್ನುವಷ್ಟು ಹೊತ್ತು ನಿಂತು ಹೋಗುವ ಕ್ಯಾಮೆರಾಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದು.

ಇಂಥ ಚಿತ್ರ ಮಾಡಿದರೆ ದಾರಿ ಸಲೀಸಲ್ಲ. ಕನ್ನಡದ ನಿರ್ದೇಶಕ ಕೇಸರಿ ಹರವೂ ದೆಹಲಿ ಗಡಿಯ ರೈತ ಹೋರಾಟದ ಬಗ್ಗೆ 'ಕಿಸಾನ್ ಸತ್ಯಾಗ್ರಹ' ಮಾಡಿದರು. 2024ರ ಬೆಂಗಳೂರು ಚಿತ್ರೋತ್ಸವದಲ್ಲಿ ಅದನ್ನು ತೋರಿಸಲು ಕೇಂದ್ರದ ಅನುಮತಿ ಸಿಗಲಿಲ್ಲ.

ಕಾಮೇಗೌಡರ ಕಟ್ಟೆ

ಈಗ ಮಳವಳ್ಳಿಗೆ ಬನ್ನಿ. ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಕುಂದೂರು ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆ ನೀರಿಗೆಂದು ವರ್ಷಗಟ್ಟಲೆ ಕಟ್ಟೆ ತೋಡಿದರು. 2020ರ ಜೂನ್ 28ರಂದು ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದರು. ಆಮೇಲೆ ನೋಡಬೇಕಿತ್ತು ಕ್ಯಾಮೆರಾಗಳ ಸಾಲು. ಎಲ್ಲರಿಗೂ ಅದೇ ಬೆಟ್ಟ, ಅದೇ ಕೋಲು, ಅದೇ ಎರಡು ನಿಮಿಷದ ವಿಡಿಯೋ. ಕಟ್ಟೆ ಎಷ್ಟು ಅಂದರೆ ಒಂದು ಕಡೆ 14, ಇನ್ನೊಂದು ಕಡೆ 16. 2022ರ ಅಕ್ಟೋಬರ್ 17ರಂದು ಅವರು ತೀರಿಕೊಂಡರು.

ಆ ಸಾಲಿನಲ್ಲಿದ್ದವರ ವೃತ್ತಿಯೇ ನನ್ನದೂ ಆಗಿರುವುದರಿಂದ ಹೇಳುತ್ತೇನೆ: ಕೀರ್ತಿ ಬಂದ ಮೇಲೆ ತೆಗೆಯುವುದು ಸುದ್ದಿ. ಮೊದಲ ಕಟ್ಟೆ ತೋಡುವಾಗ ಊರವರು ಏನಂದರು, ಮನೆಯವರು ಏನಂದರು, ದುಡ್ಡು ಎಲ್ಲಿಂದ ಬಂತು, ಬೇಸಿಗೆಯಲ್ಲಿ ಯಾವ ಕಟ್ಟೆಯಲ್ಲಿ ನೀರು ನಿಲ್ಲುತ್ತದೆ, ಇದನ್ನೆಲ್ಲ ನಿಂತು ನೋಡಿ, ಎಣಿಸಿ ತೋರಿಸುವುದು ಸಾಕ್ಷ್ಯಚಿತ್ರ. ಅದಕ್ಕೆ ಮೂರು ಬೇಸಿಗೆ, ಮೂರು ಮಳೆಗಾಲ ಬೇಕು. ಹೊರಗಿನಿಂದ ಬಂದವರ ಹತ್ತಿರ ಅಷ್ಟು ಸಮಯ ಇಲ್ಲ. ಊರಲ್ಲೇ ಇರುವವರ ಹತ್ತಿರ ಇದೆ.

ನಿಮ್ಮ ಕೈಯಲ್ಲಿರುವುದು

ಈ ಬರಹ ಓದುತ್ತಿರುವ ಫೋನಿನಲ್ಲೇ ಕ್ಯಾಮೆರಾ ಇದೆ. ಚೆಟ್ಟಿಯಾರ್ ಕೈಯಲ್ಲಿದ್ದುದಕ್ಕಿಂತ ಹಗುರ, ಫಿಲ್ಮ್ ಖರ್ಚಿಲ್ಲ. ನಿಮ್ಮ ಮನೆಯಲ್ಲಿ ಆಲೆಮನೆ ನಡೆಸಿದ ತಾತ, ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ದೊಡ್ಡಪ್ಪ, ಕಾವೇರಿ ಗಲಾಟೆಯಲ್ಲಿ ಲಾಠಿ ಏಟು ತಿಂದ ಮಾವ, ಊರಿಗೆಲ್ಲ ಹೆರಿಗೆ ಮಾಡಿಸಿದ ಅಜ್ಜಿ ಇದ್ದರೆ ಮೊದಲು ಅವರನ್ನು ಕೇಳಿ: ರೆಕಾರ್ಡ್ ಮಾಡಲಾ, ಯಾರಿಗೆ ತೋರಿಸಬಹುದು, ಯಾವುದನ್ನು ತೋರಿಸಬಾರದು ಅಂತ. ಬೇಡ ಅಂದರೆ ಬಿಡಿ. ಹೂಂ ಅಂದರೆ ಫೋನನ್ನು ಅಡ್ಡ ಹಿಡಿದು, ಹಿಂದೆ ಟಿವಿ ಆಫ್ ಮಾಡಿ, ನಡುವೆ ಬಾಯಿ ಹಾಕದೆ ಕೇಳಿ. ಶುರುವಿನಲ್ಲೇ ಹೆಸರು, ಊರು, ತಾರೀಖು ಹೇಳಿಸಿ.

ಆಮೇಲೆ ಅವತ್ತೇ ಇನ್ನೊಂದು ಕಡೆ ಕಾಪಿ ಮಾಡಿ. ವಾಟ್ಸಾಪ್‌ನಲ್ಲಿ ಕಳಿಸಿದ್ದು ಕಾಪಿ ಅಲ್ಲ, ಅದರಲ್ಲಿ ಚಿತ್ರದ ಗುಣಮಟ್ಟ ಕುಗ್ಗುತ್ತದೆ. ಪೆನ್‌ಡ್ರೈವ್ ಒಂದು, ಕಂಪ್ಯೂಟರ್ ಒಂದು.

ನನ್ನ ಅಜ್ಜ ಹೇಳಿದ್ದರಲ್ಲಿ ಈಗ ನೆನಪಿರುವುದು ಸ್ವಲ್ಪ. ಬುತ್ತಿಯಲ್ಲಿ ಇದ್ದದ್ದು ರಾಗಿರೊಟ್ಟಿಯೋ ಮುದ್ದೆಯೋ ಅನ್ನುವುದೇ ಮರೆತಿದೆ. ಅವರಿಗೆ ಮಾತ್ರ ಎಪ್ಪತ್ತೇಳು ವರ್ಷ ಅದು ಮರೆತಿರಲಿಲ್ಲ.