ಹೆಚ್ಚು ವ್ಯಾಟ್ ಇದ್ದರೆ ಸ್ಪೀಕರ್ ಶಬ್ದ ಸ್ಪಷ್ಟವಾಗಿರುತ್ತದೆಯೇ?

'ದೊಡ್ಡ ಸ್ಪೀಕರ್, ಹೆಚ್ಚು ವ್ಯಾಟ್ ಇದ್ದರೆ ಶಬ್ದ ಸ್ಪಷ್ಟ' ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಆದರೆ ಮದುವೆ ಛತ್ರದಲ್ಲಿ ಕಿವಿ ಗುಂಯ್ ಎನ್ನುವಷ್ಟು ಸದ್ದಿದ್ದರೂ ಮೈಕಿನಲ್ಲಿ ಏನು ಹೇಳುತ್ತಿದ್ದಾರೆಂದು ತಿಳಿಯುವುದಿಲ್ಲ. ಏಕೆ?

ವ್ಯಾಟ್ ಮತ್ತು ಸದ್ದು

ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ದುಪ್ಪಟ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು, ಅಂದರೆ 10 ಪಟ್ಟು ವ್ಯಾಟ್ ಬೇಕು.

ಸ್ಪಷ್ಟತೆಯ ವಿಷಯ ಬೇರೆ. ಸ್ಪೀಕರ್‌ನಿಂದ ನೇರವಾಗಿ ಬರುವ ಶಬ್ದದ ಹಿಂದೆಯೇ ಗೋಡೆ, ಚಾವಣಿ, ನೆಲಕ್ಕೆ ಬಡಿದು ಮರಳಿದ ಶಬ್ದವೂ ಕಿವಿ ತಲುಪುತ್ತದೆ. ಎರಡೂ ಬೆರೆತಾಗ ಅಕ್ಷರಗಳು ಕಲಸಿಹೋಗುತ್ತವೆ. ವಾಲ್ಯೂಮ್ ಏರಿಸಿದರೆ ಎರಡೂ ಸಮನಾಗಿ ಏರುತ್ತವೆ, ಗೊಂದಲ ಹಾಗೇ ಉಳಿಯುತ್ತದೆ. ಹಾಗಾಗಿ ಶಬ್ದ ಯಾವ ದಿಕ್ಕಿಗೆ ಹೋಗುತ್ತದೆ ಎಂಬುದೇ ಮುಖ್ಯ. ವಿಚಿತ್ರ ಆಕಾರದ ಕೆಲವು ಸ್ಪೀಕರ್‌ಗಳು ಹುಟ್ಟಿದ್ದೇ ಇದಕ್ಕಾಗಿ.

ಆಕಾರ ಬದಲಾದರೆ ಏನಾಗುತ್ತದೆ?

• ಮೂಲೆಯ ಹಾರ್ನ್: ಅಮೆರಿಕದ ಪಾಲ್ ಕ್ಲಿಪ್ಶ್ 1946ರಲ್ಲಿ ತಯಾರಿಸಿದ ಕ್ಲಿಪ್ಶ್‌ಹಾರ್ನ್ ಕೋಣೆಯ ಮೂಲೆಯಲ್ಲೇ ಕೂರಬೇಕು. ಎರಡು ಗೋಡೆಗಳೇ ಅದರ ಕಹಳೆಯ ಮುಂದುವರಿದ ಭಾಗವಾಗುತ್ತವೆ. ಕಡಿಮೆ ವಿದ್ಯುತ್ತಿನಲ್ಲೇ ಜೋರಾದ ಬೇಸ್ ಬರುತ್ತದೆ.

• ಹಾಳೆ ಸ್ಪೀಕರ್: ಬ್ರಿಟನ್ನಿನ ಪೀಟರ್ ವಾಕರ್ ಅವರ ಕ್ವಾಡ್ ಕಂಪನಿ 1957ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಕೋನ್ ಇಲ್ಲ. ರಂಧ್ರಗಳಿರುವ ಎರಡು ಫಲಕಗಳ ನಡುವೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಕಂಪಿಸುತ್ತದೆ. ಶಬ್ದ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಪಕ್ಕದಲ್ಲಿ ಎರಡೂ ಪರಸ್ಪರ ರದ್ದಾಗುವುದರಿಂದ ಪಕ್ಕದ ಗೋಡೆಗಳ ಕಾಟ ಕಡಿಮೆ.

• ಗೋಡೆಗೆ ಮುಖ ಮಾಡಿದ್ದು: 1968ರ ಬೋಸ್ 901ರಲ್ಲಿದ್ದ 9 ಡ್ರೈವರ್‌ಗಳಲ್ಲಿ 8 ಹಿಂದಿನ ಗೋಡೆಯತ್ತ ತಿರುಗಿದ್ದವು. ಬಡಿದು ಮರಳಿದ ಶಬ್ದದಿಂದ ಸಂಗೀತ ಕೋಣೆ ತುಂಬಾ ಹರಡಿದಂತೆ ಅನ್ನಿಸುತ್ತದೆ. ಆದರೆ ಗೋಡೆ ಹೇಗಿದೆಯೋ ಶಬ್ದವೂ ಹಾಗೆ.

• ಕಂಬದ ಸ್ಪೀಕರ್: ಸಣ್ಣ ಡ್ರೈವರ್‌ಗಳನ್ನು ಒಂದರ ಮೇಲೊಂದು ಜೋಡಿಸಿದರೆ ಶಬ್ದ ಅಗಲಕ್ಕೆ ಹರಡುತ್ತದೆ, ಮೇಲಕ್ಕೂ ಕೆಳಕ್ಕೂ ಕಡಿಮೆ ಹೋಗುತ್ತದೆ. ಚಾವಣಿಗೆ ಬಡಿಯುವುದು ತಗ್ಗುವುದರಿಂದ ಸಭಾಂಗಣದಲ್ಲಿ ಮಾತು ತಿಳಿಯಲು ಇದು ಸೂಕ್ತ.

ಬೇಸ್ ಏಕೆ ಗೋಡೆ ದಾಟುತ್ತದೆ?

50 ಹರ್ಟ್ಸ್‌ನ ಬೇಸ್ ಅಲೆಯ ಉದ್ದ ಸುಮಾರು 7 ಮೀಟರ್, 5000 ಹರ್ಟ್ಸ್‌ನದು ಸುಮಾರು 7 ಸೆಂಟಿಮೀಟರ್. ಉದ್ದದ ಅಲೆಯನ್ನು ಸಣ್ಣ ಪೆಟ್ಟಿಗೆ ಒಂದೇ ದಿಕ್ಕಿಗೆ ತಿರುಗಿಸಲಾರದು, ಹಗುರ ವಸ್ತುಗಳು ತಡೆಯಲಾರವು. ಆದ್ದರಿಂದ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಪಕ್ಕದ ಮನೆಗೆ ಹೋಗುವುದಿಲ್ಲ ಎಂಬುದು ಸುಳ್ಳು. ಮೇಲಾಗಿ ಕಾಗದದ ಟ್ರೇಗೆ ಬೇಗ ಬೆಂಕಿ ಹತ್ತುತ್ತದೆ.

ಮನೆಯಲ್ಲಿ ಹೀಗೆ ಮಾಡಿ

• ಸ್ಪೀಕರ್ ಕಿವಿಯ ಎತ್ತರದಲ್ಲಿ, ಕೇಳುವವರತ್ತ ಮುಖ ಮಾಡಿರಲಿ.
• ಬೇಸ್ ಗುಂಯ್ಗುಡುತ್ತಿದ್ದರೆ ಮೂಲೆಯಿಂದ ಈಚೆಗೆ ತನ್ನಿ.
• ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು ಪ್ರತಿಧ್ವನಿ ತಗ್ಗಿಸುತ್ತವೆ.
• ಎಷ್ಟೋ ಟಿವಿಗಳ ಸ್ಪೀಕರ್ ಕೆಳಕ್ಕೆ ಅಥವಾ ಹಿಂದಕ್ಕೆ ಇರುತ್ತದೆ. ಅಜ್ಜ ಅಜ್ಜಿಗೆ ಮಾತು ತಿಳಿಯದಿದ್ದರೆ ವಾಲ್ಯೂಮ್ ಏರಿಸುವ ಮೊದಲು ಅವರ ಹತ್ತಿರ ಒಂದು ಸಣ್ಣ ಸ್ಪೀಕರ್ ಇಟ್ಟು ನೋಡಿ. ಆಗಲೂ ತಿಳಿಯದಿದ್ದರೆ ಕಿವಿ ಪರೀಕ್ಷೆ ಮಾಡಿಸಿ.

ಸುಮ್ಮನೆ ಸದ್ದು ಏರಿಸುವುದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. ಜೋರು ಸದ್ದಿನಿಂದ ಒಳಕಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ.

ಒಟ್ಟಿನಲ್ಲಿ: ವ್ಯಾಟ್ ಹೇಳುವುದು ಶಕ್ತಿಯನ್ನು, ಸ್ಪಷ್ಟತೆಯನ್ನಲ್ಲ. ಹೊಸ ಸ್ಪೀಕರ್ ಕೊಳ್ಳುವ ಮುನ್ನ ಇರುವ ಸ್ಪೀಕರ್‌ನ ಜಾಗ ಬದಲಿಸಿ ನೋಡಿ. ಅದಕ್ಕೆ ಖರ್ಚೇನೂ ಇಲ್ಲ.