ದತ್ತಕ: ಆಸ್ತಿಗಾಗಿಯೋ, ಮಗುವಿಗಾಗಿಯೋ?

ವೈದಿಕ ಸಂಪ್ರದಾಯದಲ್ಲಿ ದತ್ತಕ ಸ್ವೀಕಾರಕ್ಕೆ ಪಿಂಡಪ್ರದಾನವು ಒಂದು ಮುಖ್ಯ ಪ್ರಯೋಜನವೆಂದು ಪರಿಗಣಿಸಲ್ಪಟ್ಟಿತ್ತು. ಜಿನಧರ್ಮದಲ್ಲಿ ಈ ಭಾವನೆಗೆ ಎಡೆಯಿಲ್ಲ. ಜೀವನು ತನ್ನ ಕರ್ಮಫಲವನ್ನು ತಾನೇ ಅನುಭವಿಸಬೇಕು. ಮಗನಿಂದ ತಂದೆಗೆ ಸದ್ಗತಿ ದೊರೆಯದು. ಆದ್ದರಿಂದ ಜೈನರಲ್ಲಿ ದತ್ತಕವು ಧಾರ್ಮಿಕ ವಿಧಿಯಲ್ಲ, ಕೇವಲ ಲೌಕಿಕ ವ್ಯವಸ್ಥೆ.

ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಈ ಭೇದವನ್ನು ಗುರುತಿಸಿದವು. ಶಿವಸಿಂಗ್ ರಾಯ್ ಮತ್ತು ದಾಖೋ ಎಂಬವರ ವ್ಯಾಜ್ಯದಲ್ಲಿ 1878ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತು, ಪುತ್ರಹೀನಳಾದ ಜೈನ ವಿಧವೆಯು ಪತಿಯ ಅನುಮತಿ ಇಲ್ಲದೆಯೂ ರೂಢಿಯ ಬಲದಿಂದ ದತ್ತು ಪಡೆಯಬಹುದೆಂದು ಒಪ್ಪಿತು. ಆ ಕಾಲಕ್ಕೆ ಇದು ಶ್ರಾವಿಕೆಗೆ ದೊರೆತ ದೊಡ್ಡ ಸ್ವಾತಂತ್ರ್ಯವೇ ಸರಿ.

ಆದರೆ ಈ ಸ್ವಾತಂತ್ರ್ಯವು ಹೆಚ್ಚಾಗಿ ಯಾವುದಕ್ಕೆ ವಿನಿಯೋಗವಾಯಿತು? ಆಸ್ತಿಗೆ, ಅಂಗಡಿಗೆ, ಮನೆತನದ ಹೆಸರಿಗೆ. ಕೆಲವು ಜೈನ ಸಮುದಾಯಗಳಲ್ಲಿ ವಿವಾಹಿತರನ್ನೂ ದತ್ತು ಪಡೆಯುವ ರೂಢಿಯಿತ್ತು. ಅಲ್ಲಿ ಬೇಕಾಗಿದ್ದುದು ಮಗುವಲ್ಲ, ವಾರಸುದಾರ. ಅಳಿಯಸಂತಾನವನ್ನು ಅನುಸರಿಸಿದ ತುಳುನಾಡಿನ ಕುಟುಂಬಗಳಲ್ಲಿ ಸಂತತಿ ನಿಲ್ಲುವಂತಾದಾಗ ಹೆಣ್ಣನ್ನು ದತ್ತು ಪಡೆಯುವ ಪದ್ಧತಿಯಿತ್ತು. ಅದೂ ಕುಟುಂಬದ ಮುಂದುವರಿಕೆಗಾಗಿಯೇ.

ಜೈನರಿಗೂ ಅನ್ವಯಿಸುವ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಹೆಣ್ಣುಮಗುವಿನ ದತ್ತಕಕ್ಕೂ ಮಾನ್ಯತೆ ನೀಡಿತು. ದತ್ತಹೋಮವು ಅವಶ್ಯವಲ್ಲವೆಂದು ಹೇಳಿತು. ದತ್ತಕಕ್ಕಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿತು. ಸಿಂಧುವಾದ ದತ್ತಕವನ್ನು ರದ್ದುಪಡಿಸಲಾಗದೆಂದೂ ವಿಧಿಸಿತು. ಮಗುವು ಮೆಚ್ಚುಗೆಯಾಗದಿದ್ದರೆ ಮರಳಿಸುವ ಸರಕಲ್ಲ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಗುವನ್ನು ಒಪ್ಪಿಸಿದ ಹೆತ್ತವರಿಗೆ ಮರುಚಿಂತನೆಗಾಗಿ ಎರಡು ತಿಂಗಳ ಅವಕಾಶವಿದೆ. ದತ್ತು ಪಡೆಯುವವರು ಈ ಅವಧಿಯನ್ನು ವಿಳಂಬವೆಂದು ಬೇಸರಿಸದೆ, ಹೆತ್ತ ತಾಯಿಯ ದುಃಖಕ್ಕೆ ಸಲ್ಲುವ ಗೌರವವೆಂದು ತಿಳಿಯಬೇಕು.

ಕಾಯಿದೆಯು ಹೊರಗಿನ ಬೇಲಿ. ಒಳಗಿನ ಬೇಲಿಯು ಅಣುವ್ರತ. ಬಡ ತಾಯಿಗೆ ಹಣದ ಆಸೆ ತೋರಿಸಿ, ಕಾಯಿದೆಯ ಮಾರ್ಗವನ್ನು ತಪ್ಪಿಸಿ ಮಗುವನ್ನು ತರುವುದು ಅಚೌರ್ಯಕ್ಕೆ ಭಂಗ. ದತ್ತಕದ ವಿಷಯವನ್ನು ಮಗುವಿನಿಂದ ಜೀವನಪರ್ಯಂತ ಮುಚ್ಚಿಡುವುದು ಸತ್ಯಕ್ಕೆ ಭಂಗ. ಎಳವೆಯಲ್ಲೇ ತಂದೆತಾಯಿಗಳ ಬಾಯಿಂದ ಮೃದುವಾಗಿ ತಿಳಿದ ಸತ್ಯವು ನೋಯಿಸುವುದಿಲ್ಲ, ಮದುವೆಯ ಮನೆಯಲ್ಲಿ ಪರರ ಬಾಯಿಂದ ಕೇಳಿದ ಸತ್ಯವು ಇರಿಯುತ್ತದೆ. ಬಂಧುಗಳ ಚುಚ್ಚುಮಾತನ್ನು ಸಹಿಸಿ ಸುಮ್ಮನಿರುವುದು ಅಹಿಂಸೆಯಲ್ಲ. ಹುಟ್ಟಿದ ಕುಲವನ್ನು ಕೆದಕದೆ, ಆ ಮಗುವಿಗೆ ಅಭಿಷೇಕದಲ್ಲಿ, ಪಾಠಶಾಲೆಯಲ್ಲಿ ಸಮಾನ ಸ್ಥಾನ ಕೊಡುವುದು ಬಸದಿಗಳ ಆಡಳಿತ ಮಂಡಳಿಗಳ ಕರ್ತವ್ಯ.

ಪಿಂಡಕ್ಕೆ ಮಗ ಬೇಡವೆಂದ ಧರ್ಮವು ನಮ್ಮದು. ಆಸ್ತಿಗೂ ಮಗ ಬೇಕೇಬೇಕೆಂಬ ಹಟವನ್ನು ಬಿಟ್ಟಾಗ ಅಪರಿಗ್ರಹವು ಮನೆಯೊಳಗೆ ಬಂದಂತೆ. ಆಗ ಉಳಿಯುವ ಕಾರಣವೊಂದೇ: ಆಶ್ರಯವಿಲ್ಲದ ಒಂದು ಜೀವಕ್ಕೆ ಮನೆ ಬೇಕಾಗಿದೆ. ದತ್ತಕಕ್ಕೆ ಅಷ್ಟು ಕಾರಣ ಸಾಕು.