ಶೈಲೋ ರಣಭೂಮಿಯ ಸ್ಕೌಟ್ ಹಾದಿ: ಕಬ್ಬಿಣದ ಫಲಕಗಳು ನುಡಿಯುವ ಸಾಕ್ಷ್ಯ

ಅಮೆರಿಕದ ಟೆನೆಸಿ ರಾಜ್ಯದಲ್ಲಿರುವ ಶೈಲೋ ರಾಷ್ಟ್ರೀಯ ಸೇನಾ ಉದ್ಯಾನದಲ್ಲಿ ಸ್ಕೌಟ್‌ಗಳು ಪ್ಯಾಚ್ ಗಳಿಸಬೇಕಾದರೆ ಗೊತ್ತುಪಡಿಸಿದ ಹಾದಿಯನ್ನು ಕಾಲ್ನಡಿಗೆಯಲ್ಲಿ ಮುಗಿಸಬೇಕು. ದಾರಿಯುದ್ದಕ್ಕೂ ನಿಂತಿರುವ ಎರಕದ ಕಬ್ಬಿಣದ ಫಲಕಗಳನ್ನು ಓದಿ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರ ಏಪ್ರಿಲ್ 6 ಮತ್ತು 7ರಂದು, ಇಲ್ಲಿ ನಡೆದ ಕದನದಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಎಲ್ಲ ಸೇರಿ 23,746 ಮಂದಿ. ಆ ಕದನದ ವಿದ್ವತ್ ಚರ್ಚೆಯಲ್ಲಿ ಈ ನಡಿಗೆ ಲೆಕ್ಕಕ್ಕೆ ಬಂದದ್ದು ವಿರಳ. ಆದರೆ ಸ್ಕೌಟ್‌ಗಳ ಕೈಗೆ ಸಿಗುವ ಆಕರ ಸಣ್ಣದಲ್ಲ. ಕದನದ ವಿವರಣೆಯನ್ನು ನೂರು ವರ್ಷ ಆಳಿದ ಒಂದು ತಪ್ಪು ಓದನ್ನು ತಿದ್ದುವಷ್ಟು ಸಾಮಗ್ರಿ ಆ ಫಲಕಗಳಲ್ಲಿಯೇ ಇದೆ.

1894ರ ಡಿಸೆಂಬರ್ 27ರಂದು ಉದ್ಯಾನ ಶಾಸನಬದ್ಧವಾಯಿತು. ಅದರ ಆಯೋಗದ ಕಾರ್ಯದರ್ಶಿಯೂ ಇತಿಹಾಸಕಾರನೂ ಆಗಿ ದುಡಿದವನು ಡೇವಿಡ್ ರೀಡ್. ಎಂಜಿನಿಯರ್ ಅಟ್ವೆಲ್ ಥಾಂಪ್ಸನ್ ನೆಲವನ್ನು ಅಳೆದು ನಕ್ಷೆ ಬರೆದ. ರೀಡ್ ಸೇನಾ ವರದಿಗಳನ್ನೂ ಬದುಕುಳಿದ ಯೋಧರ ಹೇಳಿಕೆಗಳನ್ನೂ ಹೋಲಿಸಿ ಫಲಕಗಳ ಪಾಠ ಸಿದ್ಧಪಡಿಸಿದ. ನೀಲಿ ಬಣ್ಣ ಯೂನಿಯನ್ (ಉತ್ತರ) ಪಕ್ಷದ ಸೇನಾನಿ ಗ್ರ್ಯಾಂಟನ ಟೆನೆಸಿ ಸೇನೆಗೆ, ಹಳದಿ ಅದೇ ಪಕ್ಷದ ಬ್ಯೂಯೆಲ್‌ನ ಒಹಾಯೋ ಸೇನೆಗೆ, ಕೆಂಪು ಎದುರಾಳಿ ಕಾನ್ಫೆಡರೇಟ್ (ದಕ್ಷಿಣ) ಪಡೆಗೆ. ಚೌಕ ಫಲಕ ಮೊದಲ ದಿನದ್ದು, ಅಂಡಾಕಾರದ್ದು ಎರಡನೆಯ ದಿನದ್ದು, ಪಿರಮಿಡ್ ಆಕಾರದ್ದು ಬಿಡಾರದ ಗುರುತು. ಹೀಗೆ ಬಣ್ಣದಿಂದ ಪಡೆಯೂ ಆಕಾರದಿಂದ ದಿನವೂ ತಿಳಿಯುತ್ತವೆ. ಹನ್ನೆರಡು ವರ್ಷದ ಹುಡುಗ ಅಕ್ಷರ ಓದುವ ಮೊದಲೇ ಯಾರು, ಯಾವಾಗ ಎಂಬುದನ್ನು ಗುರುತಿಸಬಲ್ಲ. ಆ ಕಾಲದ ರಣಭೂಮಿ ಸಂರಕ್ಷಣೆಯ ಶ್ರೇಷ್ಠ ಸಾಧನೆಗಳಲ್ಲಿ ಇದೊಂದು. ರೀಡ್‌ನನ್ನು ಖಂಡಿಸುವವರು ಮೊದಲು ಈ ಋಣವನ್ನು ಒಪ್ಪಿಕೊಳ್ಳಬೇಕು.

ವಿವಾದ ಹುಟ್ಟುವುದು ‘ಹಾರ್ನೆಟ್ಸ್ ನೆಸ್ಟ್’ ಎಂಬ ನೆಲೆಯ ವಿಚಾರದಲ್ಲಿ. ಡಂಕನ್ ಹೊಲದ ಅಂಚಿನ ಹಳೆಯ ಬಂಡಿದಾರಿಯಲ್ಲಿ ಯೂನಿಯನ್ ಪಡೆಗಳು ದಿನವಿಡೀ ದಾಳಿ ತಡೆದು ನಿಂತವು, ಅದರಿಂದಲೇ ಗ್ರ್ಯಾಂಟನ ಸೇನೆ ಉಳಿಯಿತು ಎಂಬುದು ಪ್ರಚಲಿತ ಕಥನ. ರೀಡ್ 1902ರಲ್ಲಿ ಪ್ರಕಟಿಸಿದ ಅಧಿಕೃತ ಗ್ರಂಥ ಈ ಕಥನಕ್ಕೆ ಗಟ್ಟಿ ನೆಲೆ ಒದಗಿಸಿತು. ರೀಡ್ ಸ್ವತಃ 12ನೆಯ ಅಯೋವಾ ರೆಜಿಮೆಂಟಿನವನು. ಅದೇ ಜಾಗದಲ್ಲಿ ಹೋರಾಡಿ ಗಾಯಗೊಂಡವನು. ತನ್ನ ಸಂಗಾತಿಗಳ ನೆಲೆಯನ್ನು ಕದನದ ಕೇಂದ್ರವಾಗಿ ಕಂಡದ್ದು ಮನುಷ್ಯಸಹಜ. ಅಲ್ಲಿ ಸೋತು ಶರಣಾದ ಯೂನಿಯನ್ ಸೇನಾನಿ ಬೆಂಜಮಿನ್ ಪ್ರೆಂಟಿಸ್ ಕೂಡ ಯುದ್ಧಾನಂತರ ಆ ಕೀರ್ತಿಯನ್ನು ಬೆಳೆಸಿದ. ಆದರೆ ಸಹಜವಾದದ್ದೆಲ್ಲ ಸಾಕ್ಷ್ಯವಾಗುವುದಿಲ್ಲ. ವೈಲಿ ಸ್ವೋರ್ಡ್ 1974ರಲ್ಲಿ, ಜೇಮ್ಸ್ ಲೀ ಮೆಕ್‌ಡೊನೊ 1977ರಲ್ಲಿ ಬರೆದ ಗ್ರಂಥಗಳು ಈ ಕೇಂದ್ರವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡವು.

ಇದನ್ನು ಬಲವಾಗಿ ಪ್ರಶ್ನಿಸಿದವರು ಇತಿಹಾಸಕಾರ ಟಿಮೊಥಿ ಸ್ಮಿತ್. ಅವರ ವಾದದ ತಿರುಳು ಮೂರು ಸಂಗತಿಗಳಲ್ಲಿದೆ: ‘ಹೂತ ದಾರಿ’ ಎನ್ನಲಾದ ಆ ರಸ್ತೆ 1862ರಲ್ಲಿ ಆಳವಾಗಿ ಕುಸಿದಿತ್ತು ಎನ್ನಲು ಸಮಕಾಲೀನ ವರದಿಗಳ ಬೆಂಬಲವಿಲ್ಲ, ಅಲ್ಲಿದ್ದ ಪಡೆಗಳ ನಷ್ಟದಲ್ಲಿ ಸೆರೆಯಾದವರ ಪಾಲೇ ದೊಡ್ಡದು, ಹೆಣಗಳು ಹೆಚ್ಚಾಗಿ ಬಿದ್ದದ್ದು ಬೇರೆಡೆ. ಗುರುತು ಸಿಕ್ಕಿರುವ ಐದು ಕಾನ್ಫೆಡರೇಟ್ ಸಾಮೂಹಿಕ ಸಮಾಧಿಗಳಲ್ಲಿ ಅತಿ ದೊಡ್ಡದು, 700ಕ್ಕೂ ಹೆಚ್ಚು ದೇಹಗಳನ್ನು ಒಳಗೊಂಡದ್ದು, ಇರುವುದು ಪಶ್ಚಿಮ ಭಾಗದಲ್ಲಿ. ಸಮಾಧಿಯ ಸಾಕ್ಷ್ಯ ತಾನಾಗಿ ನಿರ್ಣಾಯಕವಲ್ಲ, ಏಕೆಂದರೆ ಹೆಣಗಳನ್ನು ಅನುಕೂಲವಾದ ಕಡೆಗೆ ಒಯ್ದು ಹೂಳಿರಬಹುದು. ಉಳಿದೆರಡರೊಂದಿಗೆ ಸೇರಿದಾಗ ಅದರ ತೂಕ ಹೆಚ್ಚುತ್ತದೆ.

ಸ್ಕೌಟ್ ಹಾದಿ ಮುಖ್ಯವಾಗುವುದು ಇಲ್ಲಿ. ಶಾಸನವನ್ನು ಅದು ನಿಂತ ನೆಲದೊಡನೆ ಓದಬೇಕೆಂಬುದು ಶಾಸನತಜ್ಞರೆಲ್ಲ ಬಲ್ಲ ನಿಯಮ. ಫಲಕದ ಪಾಠವನ್ನು ಪುಸ್ತಕಕ್ಕೆ ಇಳಿಸಿಕೊಂಡು ಓದಿದವರಿಗೆ ಅದರ ಅರ್ಧ ಅರ್ಥ ತಪ್ಪಿಹೋಗುತ್ತದೆ. ನಡೆದು ಓದುವವನಿಗೆ ಪಶ್ಚಿಮ ಭಾಗದ ಶೈಲೋ ಚರ್ಚಿನ ಸುತ್ತ, ಕ್ರಾಸ್‌ರೋಡ್ಸ್ ಬಳಿ, ಶೆರ್ಮನ್ ಮತ್ತು ಮೆಕ್ಲರ್ನಂಡ್ ವಿಭಾಗಗಳ ನೀಲಿ ಚೌಕಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದೇ ಪಡೆ ಒಂದು ನೆಲೆ ಬಿಟ್ಟು ಇನ್ನೊಂದನ್ನು ಹಿಡಿದದ್ದು, ಅದನ್ನೂ ಬಿಟ್ಟು ಮತ್ತೊಂದಕ್ಕೆ ಸರಿದದ್ದು, ನಡುವೆ ತಿರುಗಿ ಎದುರೇಟು ಕೊಟ್ಟದ್ದು ಅಲ್ಲಿ ಹೆಜ್ಜೆಯ ಲೆಕ್ಕದಲ್ಲಿ ಸಿಗುತ್ತದೆ. ಅವುಗಳ ಎದುರಿನ ಕೆಂಪು ಫಲಕಗಳೂ ದಟ್ಟ. ಪೂರ್ವದ ಟೆನೆಸಿ ನದಿಯ ಕಡೆಯಿಂದ ಸುತ್ತುವರಿಯಬೇಕೆಂದಿದ್ದ ಕಾನ್ಫೆಡರೇಟ್ ದಂಡನಾಯಕ ಜಾನ್ಸ್ಟನ್ನನ ಪಡೆಯ ದೊಡ್ಡ ಭಾಗ ಪಶ್ಚಿಮಕ್ಕೆ ಸೆಳೆಯಲ್ಪಟ್ಟಿತೆಂಬುದು ಇದರಿಂದ ನೇರವಾಗಿ ತೋರುತ್ತದೆ. ಅಂದರೆ ರೀಡ್‌ನ ಕಥನವನ್ನು ಅಲುಗಿಸುವ ಮೊದಲ ಸಾಕ್ಷಿ ರೀಡ್‌ನ ಫಲಕಗಳೇ. ಕಥನ ಅವನೊಬ್ಬನದು, ಫಲಕಗಳಾದರೋ ಆಯೋಗದ ಒಪ್ಪಿಗೆ ಪಡೆಯಬೇಕಿತ್ತು, ಆ ಆಯೋಗದಲ್ಲಿ ಸ್ವತಃ ಬ್ಯೂಯೆಲ್ ಇದ್ದ, ಕಾನ್ಫೆಡರೇಟ್ ಪಕ್ಷದ ಪ್ರತಿನಿಧಿಯೂ ಇದ್ದ. ಎದುರಾಳಿಗಳ ಕಣ್ಣೆದುರು ನೆಟ್ಟ ಗುರುತಿಗೆ ಒಬ್ಬನ ನೆನಪಿಗಿಂತ ಹೆಚ್ಚಿನ ಪ್ರಾಮಾಣ್ಯವಿರುವುದು ಸರಿಯೇ.

ತಿದ್ದುಪಡಿಯ ಉತ್ಸಾಹದಲ್ಲಿ ಹಾರ್ನೆಟ್ಸ್ ನೆಸ್ಟ್ ಎಂಬ ನಡುವಣ ನೆಲೆಯ ಪಾತ್ರವನ್ನೇ ಅಳಿಸಲು ಹೊರಡುವುದೂ ಒಪ್ಪತಕ್ಕ ಮಾತಲ್ಲ. ಪ್ರೆಂಟಿಸ್ ಸುಮಾರು 2,200 ಮಂದಿಯೊಡನೆ ಶರಣಾದದ್ದು ಸಂಜೆ ಐದೂವರೆಯ ಹೊತ್ತಿಗೆ. ಅಷ್ಟರಲ್ಲಿ ನದಿದಡದ ಪಿಟ್ಸ್‌ಬರ್ಗ್ ಲ್ಯಾಂಡಿಂಗಿನ ಬಳಿ ತೋಪುಗಳ ಸಾಲು ಸಿದ್ಧವಾಗಿತ್ತು, ಬ್ಯೂಯೆಲ್‌ನ ಮುಂಚೂಣಿ ನದಿ ದಾಟತೊಡಗಿತ್ತು. ಹೊತ್ತು ಗಳಿಸಿಕೊಟ್ಟ ಶ್ರೇಯ ಪಶ್ಚಿಮದವರಿಗೂ ನಡುವಿನವರಿಗೂ ಹಂಚಿಕೆಯಾಗಬೇಕು.

ಹಾದಿಯ ಉಳಿದ ನಿಲ್ದಾಣಗಳನ್ನೂ ಇದೇ ಒರೆಗೆ ಹಚ್ಚಬೇಕು. ಕಾನ್ಫೆಡರೇಟ್ ಸೇನಾನಿ ರಗಲ್ಸ್‌ನ ತೋಪುಪಡೆಯಲ್ಲಿದ್ದವು 62 ತೋಪುಗಳೆಂಬುದು ರೀಡ್‌ನ ಎಣಿಕೆ. ನಂತರದ ವಿದ್ವಾಂಸರು ಅದನ್ನು ಇಳಿಸಿದ್ದಾರೆ. ಗಾಯಾಳುಗಳ ರಕ್ತದಿಂದ ನೀರು ಕೆಂಪಾಯಿತೆನ್ನುವ ‘ರಕ್ತದ ಕೊಳ’ದ ಕಥೆಗೆ ಸಮಕಾಲೀನ ದಾಖಲೆಯ ಆಧಾರವಿಲ್ಲ, ಅದು ನಂತರದ ಸ್ಥಳೀಯ ನೆನಪಿನ ಮೇಲೆ ನಿಂತಿದೆ. ಜಾನ್ಸ್ಟನ್ ಗಾಯಗೊಂಡ ಜಾಗವನ್ನು ಅಂದು ಅವನ ಜೊತೆಗಿದ್ದ ಐಶಮ್ ಹ್ಯಾರಿಸ್ ತೋರಿಸಿದ್ದು 1896ರಲ್ಲಿ, ಘಟನೆ ನಡೆದು 34 ವರ್ಷಗಳ ಮೇಲೆ. ಮೂರೂ ಕಡೆ ಸ್ಕೌಟ್ ಬರೆಯುವ ಉತ್ತರ ಫಲಕಕ್ಕೆ ನಿಷ್ಠ; ಫಲಕದ ಹಿಂದಿನ ಆಧಾರ ಮಾತ್ರ ಒಂದೊಂದು ಕಡೆ ಒಂದೊಂದು ಬಗೆಯದು. ಪ್ರಶ್ನೆಪತ್ರಿಕೆ ಈ ಭೇದವನ್ನೂ ಕೇಳುವಂತಾಗಬೇಕು.

ಇನ್ನು, ಎರಡನೆಯ ದಿನದ ಅಂಡಾಕಾರದ ಫಲಕಗಳನ್ನು ಓದುವವರು ಕಡಿಮೆ. ಏಪ್ರಿಲ್ 7ರ ಬೆಳಿಗ್ಗೆ ಬ್ಯೂಯೆಲ್‌ನ ಹೊಸ ಪಡೆಗಳೂ ಲೂ ವಾಲೆಸ್‌ನ ವಿಭಾಗವೂ ಸೇರಿದ ಮೇಲೆ ಯೂನಿಯನ್ ಸೇನೆ ಹಿಂದಿನ ದಿನ ಕಳೆದುಕೊಂಡ ನೆಲವನ್ನೆಲ್ಲ ಮರಳಿ ಪಡೆಯಿತು. ಅಂದು ಮಧ್ಯಾಹ್ನ, ಜಾನ್ಸ್ಟನ್ನನ ನಂತರ ಕಾನ್ಫೆಡರೇಟ್ ಸೇನೆಯ ಹೊಣೆ ಹೊತ್ತಿದ್ದ ಬ್ಯೂರಿಗಾರ್ಡ್ ತನ್ನ ಪಡೆಯನ್ನು ಕಾರಿಂತ್ ಕಡೆಗೆ ಹಿಂತೆಗೆದ. ಹಳದಿ ಮತ್ತು ನೀಲಿ ಅಂಡಾಕಾರಗಳ ಸಾಲು ಆ ಮುನ್ನಡೆಯನ್ನು ನದಿಯಿಂದ ಶೈಲೋ ಚರ್ಚಿನವರೆಗೆ ಗುರುತಿಸುತ್ತದೆ.